ಕಹಿ ಬೇರೆ, ಒಗರು ಬೇರೆ: ಬೆಂಗಳೂರಿನ ಕ್ರಾಫ್ಟ್ ಬಿಯರ್ ಸವಿದು ವಿಮರ್ಶೆ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಬ್ರೂಪಬ್‌ಗಳ (ಬಿಯರನ್ನು ತಾವೇ ತಯಾರಿಸಿ ಬಡಿಸುವ ಪಬ್‌ಗಳ) ಬಗ್ಗೆ ಬರುವ ವಿಮರ್ಶೆಗಳನ್ನು ಓದಿದರೆ ಜಾಗ ಹೇಗಿದೆ, ಸಂಗೀತ ಹೇಗಿದೆ, ಪಾರ್ಕಿಂಗ್ ಸಿಗುತ್ತದೆಯೇ ಎಂಬುದೆಲ್ಲ ತಿಳಿಯುತ್ತದೆ. ಬಿಯರ್ ಮಾತು ಬಂದಾಗ ‘ಸೂಪರ್’, ‘ಸ್ಮೂತ್’, ‘ಸ್ವಲ್ಪ ಕಹಿ’ ಅನ್ನುವಲ್ಲಿಗೆ ಮುಗಿದುಹೋಗುತ್ತದೆ. ಓದಿದವರಿಗೆ ಆ ಬಿಯರ್ ಹೇಗಿರುತ್ತದೆಂದು ಗೊತ್ತಾಗುವುದಿಲ್ಲ. ಮಾಡಿದ ಬ್ರೂವರ್‌ಗೂ ಏನು ಸರಿಪಡಿಸಬೇಕೆಂದು ತಿಳಿಯುವುದಿಲ್ಲ.

ರುಚಿ ಹೇಳಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಹಾಗಲಕಾಯಿಯದು ಕಹಿ, ಬಾಳೆಕಾಯಿಯದು ಒಗರು. ಈ ಎರಡನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಿಡಿಸಿ ಹೇಳುತ್ತಾರೆ. ಬಿಯರಿನಲ್ಲಿ ಕಹಿ ಬರುವುದು ಮುಖ್ಯವಾಗಿ ಹಾಪ್ಸ್ ಹೂವಿನಿಂದ, ಅದು ಬೇಕೆಂದೇ ಹಾಕಿದ್ದು. ಒಗರು ಹೆಚ್ಚಾಗಿ ಬಾರ್ಲಿ ಸಿಪ್ಪೆಯ ಟ್ಯಾನಿನ್‌ನಿಂದ ಬರುತ್ತದೆ. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಿಹಿಯನ್ನು ತೊಳೆದು ಇಳಿಸುವ ನೀರು 77 ಡಿಗ್ರಿ ದಾಟಿದರೆ, ಇಲ್ಲವೇ ಮಾಲ್ಟನ್ನು ಅತಿಯಾಗಿ ತೊಳೆದರೆ ಈ ಟ್ಯಾನಿನ್ ಇಳಿಯುತ್ತದೆ. ‘ಕಹಿ ಜಾಸ್ತಿ’ ಎಂದು ಬರೆದರೆ ಬ್ರೂವರ್ ಹಾಪ್ಸ್ ಕಡಿಮೆ ಮಾಡುತ್ತಾನೆ, ತಪ್ಪು ಇದ್ದದ್ದು ನೀರಿನ ಬಿಸಿಯಲ್ಲಿ. ಒಂದು ಪದ ತಪ್ಪಿದರೆ ಇಷ್ಟು ದೂರ ಹೋಗುತ್ತದೆ. ಆದ್ದರಿಂದ ಇಲ್ಲಿ ಹೇಳುವ ಎಲ್ಲ ಹೆಜ್ಜೆಗಳ ಗುರಿ ಒಂದೇ: ಮೂಗಿಗೆ, ನಾಲಿಗೆಗೆ ಸಿಕ್ಕಿದ್ದನ್ನು ಮೊದಲು ಸರಿಯಾಗಿ ಹೆಸರಿಸುವುದು. ಇಷ್ಟವಾಯಿತೋ ಇಲ್ಲವೋ ಎಂಬುದನ್ನು ಆಮೇಲೆ ಹೇಳುವುದು.

ಹೋಗುವ ಮೊದಲು

ವಾರದ ನಡುವಿನ ದಿನ, ಬಾಗಿಲು ತೆರೆದ ಮೊದಲ ಒಂದೆರಡು ಗಂಟೆ ಎಲ್ಲಕ್ಕಿಂತ ಒಳ್ಳೆಯ ಹೊತ್ತು. ಮಧ್ಯಾಹ್ನದ ಊಟಕ್ಕೆ ಮುಂಚೆ ನಾಲಿಗೆ ಚುರುಕಾಗಿರುತ್ತದೆ, ಗದ್ದಲ ಇರುವುದಿಲ್ಲ, ಬ್ರೂವರ್ ಸಿಕ್ಕರೆ ಎರಡು ಮಾತಾಡಲು ಪುರುಸೊತ್ತೂ ಇರುತ್ತದೆ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹೋಗಿ ಬರೆದ ಟಿಪ್ಪಣಿಯನ್ನು ನಂಬಬೇಡಿ, ಅದು ನಿಮ್ಮದೇ ಆದರೂ.

ಹೋಗುವ ಒಂದು ಗಂಟೆ ಮೊದಲಿನಿಂದ ಕಾಫಿ, ಸಿಗರೇಟು, ಪಾನ್ ಮಸಾಲೆ, ಖಾರದ ಊಟ ಬೇಡ. ಸೆಂಟ್ ಹಾಕಿಕೊಳ್ಳಬೇಡಿ. ಲಿಪ್‌ಸ್ಟಿಕ್ ಹಚ್ಚಬೇಡಿ, ಅದರ ಮೇಣ ನೊರೆಯನ್ನು ಕೊಲ್ಲುತ್ತದೆ. ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ. ಎರಡು ಇಡ್ಲಿ, ಮೊಸರನ್ನ, ಸಾದಾ ಚಪಾತಿ ಇಂಥದ್ದೇನಾದರೂ ಸಾಕು. ನೆಗಡಿ ಇದ್ದರೆ ಆ ದಿನ ಬಿಟ್ಟುಬಿಡಿ.

ಜೊತೆಗೆ ಒಯ್ಯಬೇಕಾದದ್ದು: ಚಿಕ್ಕ ನೋಟ್‌ಬುಕ್ಕು, ಪೆನ್ನು, ಒಂದು ಬಿಳಿ ಹಾಳೆ, ಉಪ್ಪು ಹಾಕದ ಬ್ರೆಡ್ಡಿನ ಎರಡು ಚೂರು. ಅಡುಗೆಗೆ ಬಳಸುವ ಕಡ್ಡಿಯಂಥ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಟಿಪ್ಪಣಿಗೆ ಫೋನಿಗಿಂತ ಕಾಗದ ಮೇಲು, ಏಕೆಂದರೆ ಫೋನ್ ತೆಗೆದರೆ ಗಮನ ಬೇರೆಡೆ ಹೋಗುತ್ತದೆ, ಅಷ್ಟರಲ್ಲಿ ನೊರೆ ಇಳಿದಿರುತ್ತದೆ.

ಕೂರುವ ಜಾಗವೂ ಮುಖ್ಯ. ಅಡುಗೆಮನೆಯ ಬಾಗಿಲು, ತಂದೂರಿನ ಹೊಗೆ, ಸಿಗರೇಟಿನ ಮೂಲೆ ಇವುಗಳಿಂದ ದೂರ, ಹಗಲಿನ ಬೆಳಕು ಬೀಳುವಲ್ಲಿ ಕೂರಿ. ಕೆಂಪು ನೀಲಿ ದೀಪದ ಕೆಳಗೆ ಬಣ್ಣ ಗುರುತಿಸಲಾಗದು.

ಎಷ್ಟು, ಯಾವ ಕ್ರಮದಲ್ಲಿ

ಹೆಚ್ಚಿನ ಬ್ರೂಪಬ್‌ಗಳಲ್ಲಿ ಎಲ್ಲ ಬಿಯರುಗಳನ್ನೂ ಚಿಕ್ಕ ಗ್ಲಾಸುಗಳಲ್ಲಿ ಹಲಗೆಯ ಮೇಲೆ ಜೋಡಿಸಿ ತರುವ ಸ್ಯಾಂಪ್ಲರ್ ಸಿಗುತ್ತದೆ. ಒಂದೊಂದು ಗ್ಲಾಸಿನ ಅಳತೆ ಎಷ್ಟೆಂದು ಕೇಳಿಕೊಳ್ಳಿ, ಜಾಗದಿಂದ ಜಾಗಕ್ಕೆ ಅದು ಬದಲಾಗುತ್ತದೆ. 60 ಮಿ.ಲೀ.ಯ ಆರು ಗ್ಲಾಸೆಂದರೆ 360 ಮಿ.ಲೀ. ಸರಾಸರಿ 5.5% ಎಂದು ಹಿಡಿದರೂ ಸುಮಾರು 15–16 ಗ್ರಾಂ ಆಲ್ಕೊಹಾಲ್ ಒಳಗೆ ಹೋಗುತ್ತದೆ, ಅದನ್ನು ಕರಗಿಸಲು ದೇಹಕ್ಕೆ ಸುಮಾರು ಎರಡು ಗಂಟೆ ಬೇಕು. ಆರಕ್ಕೆ ನಿಲ್ಲಿಸಿ. ಏಳನೆಯದರ ಹೊತ್ತಿಗೆ ಮೂಗು ದಣಿದಿರುತ್ತದೆ, ಮನಸ್ಸು ಉದಾರವಾಗಿರುತ್ತದೆ, ಅಂಕಗಳು ಮೇಲೇರುತ್ತವೆ. ವೈನ್ ಸವಿಯುವವರಂತೆ ಉಗುಳುವ ರೂಢಿ ಬಿಯರಿನಲ್ಲಿಲ್ಲ. ನುಂಗಿದ ಮೇಲೆ ಗಂಟಲಲ್ಲಿ, ಮೂಗಿನ ಹಿಂಬದಿಯಲ್ಲಿ ಉಳಿಯುವುದೇ ಅದರ ಅರ್ಧ ಕಥೆ. ಹಾಗಾಗಿ ಅಳತೆಯೇ ಚಿಕ್ಕದಾಗಿರಬೇಕು.

ಗಾಡಿ ತರಬೇಡಿ. ನಮ್ಮ ದೇಶದ ಕಾನೂನಿನಂತೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಆಲ್ಕೊಹಾಲ್ ದಾಟಿದರೆ ಅದು ಅಪರಾಧ, ಒಂದು ಸ್ಯಾಂಪ್ಲರ್ ಹಲಗೆ ಮುಗಿಸುವಷ್ಟರಲ್ಲಿ ಹಲವರು ಆ ಗೆರೆ ದಾಟಿರುತ್ತಾರೆ. ಇಂದಿರಾನಗರ, ಎಂ.ಜಿ. ರಸ್ತೆ, ವೈಟ್‌ಫೀಲ್ಡ್ ಕಡೆಯವರಿಗೆ ಮೆಟ್ರೋ ಇದೆ. 21 ವರ್ಷ ತುಂಬದವರಿಗೆ ಇಲ್ಲಿ ಬಡಿಸುವುದಿಲ್ಲ, ಗುರುತಿನ ಚೀಟಿ ಜೇಬಲ್ಲಿರಲಿ.

ಹಲಗೆಯಲ್ಲಿ ಜೋಡಿಸಿದ ಕ್ರಮವನ್ನೇ ಅನುಸರಿಸಬೇಕಾಗಿಲ್ಲ. ಬಣ್ಣ ನೋಡಿ ಕ್ರಮ ಹಾಕುವುದು ಎಲ್ಲರೂ ಮಾಡುವ ತಪ್ಪು. ಕಪ್ಪಗಿರುವ ಜರ್ಮನ್ ಷ್ವಾರ್ಟ್ಸ್‌ಬಿಯರ್ ಹಗುರ, ಹೊನ್ನಿನ ಬಣ್ಣದ ಬೆಲ್ಜಿಯನ್ ಟ್ರಿಪೆಲ್ ಸುಲಭವಾಗಿ 8–9% ಮುಟ್ಟುತ್ತದೆ. ಕಹಿ, ಹುರಿದ ಘಾಟು, ಆಲ್ಕೊಹಾಲ್ ಈ ಮೂರೂ ಕಡಿಮೆಯಿಂದ ಹೆಚ್ಚಿಗೆ ಹೋಗಲಿ. ತಂಪಿನಲ್ಲಿ ನಿಧಾನ ಹುದುಗಿಸಿದ ಲಾಗರ್ ಅಥವಾ ತಿಳಿ ಬಣ್ಣದ ಬ್ಲಾಂಡ್, ಆಮೇಲೆ ಗೋಧಿ ಬಿಯರುಗಳಾದ ಬೆಲ್ಜಿಯನ್ ವಿಟ್, ಜರ್ಮನ್ ಹೆಫೆವೈಝನ್, ಹಣ್ಣಿನದು ಅಥವಾ ರಾಗಿಯದು, ಬಳಿಕ ಹಾಪ್ಸ್ ಹೆಚ್ಚಿರುವ ಕಹಿ ಐಪಿಎ, ಕೊನೆಗೆ ಹುರಿದ ಮಾಲ್ಟಿನ ಕಪ್ಪು ಸ್ಟೌಟ್. ಐಪಿಎ ಕುಡಿದ ನಾಲಿಗೆಗೆ ಗೋಧಿ ಬಿಯರ್ ನೀರಿನಂತೆ ಕಾಣುತ್ತದೆ, ಅದು ಗೋಧಿ ಬಿಯರಿನ ತಪ್ಪಲ್ಲ.

ಮೊದಲು ಗ್ಲಾಸು, ಆಮೇಲೆ ಬಿಯರು

ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ಕೂತಿವೆಯೇ ನೋಡಿ. ಕೂತಿದ್ದರೆ ಅಲ್ಲಿ ಜಿಡ್ಡೋ ಸೋಪೋ ಇದೆ. ಶುದ್ಧವಾದ ಗ್ಲಾಸಿನಲ್ಲಿ ಗುಳ್ಳೆ ಮೇಲಕ್ಕೆ ಏಳುತ್ತದೆ, ಗೋಡೆ ಹಿಡಿಯುವುದಿಲ್ಲ. ಕುಡಿದಂತೆ ನೊರೆ ಬಳೆಬಳೆಯಾಗಿ ಗೋಡೆಯ ಮೇಲೆ ಉಳಿಯುತ್ತಾ ಇಳಿಯಬೇಕು. ಜಿಡ್ಡಿನ ಗ್ಲಾಸಿನಲ್ಲಿ ನೊರೆ ನಿಮಿಷದೊಳಗೆ ಮಾಯವಾಗುತ್ತದೆ, ಆಗ ‘ನೊರೆ ನಿಲ್ಲುವುದಿಲ್ಲ’ ಎಂದು ಬಿಯರಿಗೆ ಅಂಕ ಕಳೆದರೆ ಅನ್ಯಾಯ. ಬೇರೆ ಗ್ಲಾಸು ಕೇಳಿ. ಫ್ರೀಜರಿನಿಂದ ತೆಗೆದ, ಹಿಮ ಕಟ್ಟಿದ ಮಗ್ಗನ್ನು ನಯವಾಗಿ ಬೇಡವೆನ್ನಿ. ಅದರ ತೇವ ಬಿಯರನ್ನು ತೆಳುವಾಗಿಸುತ್ತದೆ, ತಂಪು ಪರಿಮಳವನ್ನು ಹಿಡಿದಿಡುತ್ತದೆ.

ಮುಖ್ಯವಾಗಿ ಬರೆಯಬೇಕೆಂದಿರುವ ಬಿಯರನ್ನು ಬಾಯಿ ಸ್ವಲ್ಪ ಒಳಬಾಗಿದ, ಟುಲಿಪ್ ಅಥವಾ ವೈನ್ ಗ್ಲಾಸಿನಂಥದ್ದರಲ್ಲಿ ಮೂರನೇ ಒಂದು ಭಾಗ ಮಾತ್ರ ಹಾಕಿಸಿಕೊಳ್ಳಿ. ಉಳಿದ ಜಾಗ ಪರಿಮಳಕ್ಕೆ.

ನೋಡುವುದು, ಮೂಸುವುದು

ಗ್ಲಾಸು ಮೇಜಿಗೆ ಬಂದ ಮೊದಲ ನಿಮಿಷ ನೊರೆಗೆ ಮೀಸಲು. ಎತ್ತರ ಎಷ್ಟು ಬೆರಳು, ಗುಳ್ಳೆ ಸಣ್ಣದೋ ದೊಡ್ಡದೋ, ಬಿಳಿಯೋ ಕೆನೆ ಬಣ್ಣವೋ, ಎಷ್ಟು ಹೊತ್ತು ನಿಂತಿತು. ಬಣ್ಣಕ್ಕೆ ಬಿಳಿ ಹಾಳೆಯನ್ನು ಹಿಂದೆ ಹಿಡಿಯಿರಿ: ಒಣ ಹುಲ್ಲು, ಜೇನು, ಹಾಲು ಬೆರೆಸದ ಚಹಾ, ಕಾಫಿ ಡಿಕಾಕ್ಷನ್. ಇಂಥ ಹೋಲಿಕೆ ‘ಡಾರ್ಕ್’ ಎನ್ನುವುದಕ್ಕಿಂತ ಹೆಚ್ಚು ಹೇಳುತ್ತದೆ. ತಿಳಿಯಾಗಿದೆಯೋ, ಮಸುಕೋ, ಕದಡಿದೆಯೋ, ತಳದಲ್ಲಿ ಗಸಿ ಇದೆಯೋ ಬರೆಯಿರಿ. ಹೆಫೆವೈಝನ್ ಮಸುಕಾಗಿರಲೇಬೇಕು, ಲಾಗರ್ ತಿಳಿಯಾಗಿರಬೇಕು. ನೋಟಕ್ಕೆ ಇಷ್ಟು ಸಾಕು.

ಹೆಚ್ಚು ಕೆಲಸ ಮೂಗಿನದು. ನಾಲ್ಕು ಬಗೆಯಲ್ಲಿ ಮೂಸಿ. ಮೊದಲು ಗ್ಲಾಸನ್ನು ಒಂದು ಗೇಣು ದೂರದಲ್ಲಿ ಮೂಗಿನ ಮುಂದೆ ಹಾಯಿಸಿ. ಬೇಗ ಹಾರಿಹೋಗುವ ಗಂಧಕದ ವಾಸನೆ ಇಲ್ಲೇ ಸಿಗುವುದು. ಎರಡನೆಯದಾಗಿ ಮೂಗನ್ನು ಗ್ಲಾಸಿನೊಳಗೆ ಇಟ್ಟು ಎರಡು ಮೂರು ಚುಟುಕು ಉಸಿರು. ಮೂರನೆಯದು ಒಂದು ದೀರ್ಘ ಉಸಿರು. ನಾಲ್ಕನೆಯದಾಗಿ ಅಂಗೈಯಿಂದ ಗ್ಲಾಸಿನ ಬಾಯಿ ಮುಚ್ಚಿ, ಮೆಲ್ಲಗೆ ಸುತ್ತಿಸಿ, ಹತ್ತು ಎಣಿಸಿ ಕೈ ತೆಗೆದು ಮೂಸಿ. ಕ್ಷೀಣವಾದದ್ದೆಲ್ಲ ಆಗ ಎದ್ದು ಬರುತ್ತದೆ. ನಡುವೆ ಮೂಗು ಮಂಕಾದರೆ ನಿಮ್ಮದೇ ಮುಂಗೈಯನ್ನು ಮೂಸಿಕೊಳ್ಳಿ, ಮೂಗು ಮತ್ತೆ ಸಮಸ್ಥಿತಿಗೆ ಬರುತ್ತದೆ.

ತಲೆಗೆ ಬಂದ ಮೊದಲ ಪದವನ್ನು ಅಳುಕದೆ ಬರೆಯಿರಿ. ‘ಅಜ್ಜಿ ಮನೆಯ ಅಟ್ಟ’, ‘ಮಳೆ ಬಿದ್ದ ಮಣ್ಣು’, ‘ಅಂಟಿನುಂಡೆ’ ಏನೇ ಇರಲಿ. ಅದನ್ನು ಆಮೇಲೆ ಬಿಡಿಸಬಹುದು. ಮೊದಲ ಮೂಸುವಿಕೆಯ ನೆನಪು ಮಾತ್ರ ಮತ್ತೆ ಸಿಗುವುದಿಲ್ಲ. ಪರಿಮಳದ ಮೂಲವನ್ನು ಮೂರು ಗುಂಪಾಗಿ ಹುಡುಕಿ. ಮಾಲ್ಟಿನದು: ಬ್ರೆಡ್ಡು, ಹುರಿಗಡಲೆ, ಬೆಲ್ಲದ ಪಾಕ, ಸುಟ್ಟ ಸಕ್ಕರೆ, ಕಾಫಿ. ಹಾಪ್ಸ್‌ನದು: ಗಜನಿಂಬೆ ಸಿಪ್ಪೆ, ಚಕ್ಕೋತ, ಮಾವಿನ ಸೊನೆ, ಹುಲ್ಲು, ಪೈನ್ ಮರದ ಅಂಟು. ಯೀಸ್ಟಿನದು: ಬಾಳೆಹಣ್ಣು, ಲವಂಗ, ಕಾಳುಮೆಣಸು, ಸೇಬು. ಅಮೆರಿಕದ ಕ್ಯಾಸ್ಕೇಡ್ ಹಾಪ್ಸ್ ಬಗ್ಗೆ ಹೊರಗಿನವರು ‘ಗ್ರೇಪ್‌ಫ್ರೂಟ್’ ಎಂದು ಬರೆಯುತ್ತಾರೆ. ಆ ಹಣ್ಣು ತಿನ್ನದವರಿಗೆ ಅದರಿಂದ ಏನೂ ತಿಳಿಯದು, ಚಕ್ಕೋತ ಎಂದರೆ ತಿಳಿಯುತ್ತದೆ.

ಬಾಯಿಗೆ ಹಾಕಿದ ಮೇಲೆ

ಒಂದು ದೊಡ್ಡ ಚಮಚದಷ್ಟು, ಅಂದರೆ 15–20 ಮಿ.ಲೀ. ಬಾಯಿಗೆ ತೆಗೆದುಕೊಳ್ಳಿ. ನಾಲಿಗೆಯ ಎಲ್ಲ ಕಡೆ ಹರಡಿಸಿ, ನುಂಗಿ, ತುಟಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಬಿಡಿ. ನಾವು ರುಚಿ ಅಂದುಕೊಂಡಿರುವುದರ ಬಹುಪಾಲು ಈ ಉಸಿರಿನಲ್ಲಿ ಬರುವ ವಾಸನೆಯೇ. ಮೊದಲ ಗುಟುಕನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಬಾಯಿ ತೊಳೆದಂತೆ. ಎರಡನೆಯದರಿಂದ ಬರೆಯಿರಿ.

ಮೂರು ಹಂತ ಗಮನಿಸಿ. ತಾಗಿದ ಕೂಡಲೇ ಏನು ಬಂತು, ನಡುವೆ ಏನಾಯಿತು, ನುಂಗಿದ ಮೇಲೆ ಏನು ಉಳಿಯಿತು. ಕಹಿಯನ್ನು ಅಳೆಯಲು ಎಣಿಸಿ: ನುಂಗಿದ ಹತ್ತು ಸೆಕೆಂಡಿಗೆ ಇಳಿಯಿತೋ, ಅರ್ಧ ನಿಮಿಷವಾದರೂ ಇದೆಯೋ. ಕಹಿಯ ಬಗೆಯೂ ಬೇರೆ ಬೇರೆ. ಮೆಂತ್ಯದಂತೆ ಮೃದುವಾಗಿ ಬಂದು ಹೋಗುವುದು ಒಂದು, ಬೇವಿನಂತೆ ನಾಲಿಗೆಯ ಬುಡದಲ್ಲಿ ಕೂತುಬಿಡುವುದು ಇನ್ನೊಂದು, ಸೀದ ಕಾಫಿಯಂತೆ ಹುರಿದ ಮಾಲ್ಟಿನಿಂದ ಬರುವುದು ಮತ್ತೊಂದು. ಕೆಲವು ಮೆನುಗಳಲ್ಲಿ ಐಬಿಯು ಎಂಬ ಅಂಕಿ ಇರುತ್ತದೆ. ಹಾಪ್ಸ್‌ನ ಕಹಿ ಅಂಶ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂಬುದರ ಹತ್ತಿರದ ಲೆಕ್ಕ ಅದು. ಹೆಫೆವೈಝನ್‌ನಲ್ಲಿ 8–15, ಅಮೆರಿಕನ್ ಐಪಿಎಯಲ್ಲಿ 40–70. ಆದರೆ ಮಾಲ್ಟಿನ ಸಿಹಿ ಹೆಚ್ಚಿದ್ದರೆ 50 ಕೂಡ ಮೆತ್ತಗೆ ಕಾಣುತ್ತದೆ, ಆದ್ದರಿಂದ ಅಂಕಿಗಿಂತ ನಾಲಿಗೆಯನ್ನು ನಂಬಿ.

ಒಗರು ರುಚಿಗಿಂತ ಹೆಚ್ಚಾಗಿ ಒಂದು ಸ್ಪರ್ಶ. ನಾಲಿಗೆಯನ್ನು ಅಂಗುಳಿಗೆ ಉಜ್ಜಿ ನೋಡಿ, ತರಿತರಿಯಾಗಿ, ಒಣಗಿದಂತೆ ಆಗಿದ್ದರೆ ಅದು ಒಗರು. ಕಹಿಯಾದರೆ ಬಾಯಲ್ಲಿ ನೀರೂರುತ್ತಲೇ ಇರುತ್ತದೆ. ಅನುಮಾನ ಬಂದರೆ ಬ್ರೆಡ್ ಚೂರು ತಿಂದು, ನೀರು ಕುಡಿದು ಮತ್ತೊಮ್ಮೆ ಪರೀಕ್ಷಿಸಿ.

ಇದರ ಜೊತೆಗೆ ಮೈ ದಪ್ಪವೋ ತೆಳುವೋ (ನೀರು ಮಜ್ಜಿಗೆಯೋ ಗಟ್ಟಿ ಮಜ್ಜಿಗೆಯೋ ಎಂದು ಕೇಳಿಕೊಳ್ಳಿ), ಗ್ಯಾಸು ಚುಚ್ಚುತ್ತದೋ ಸಪ್ಪೆಯೋ, ಗಂಟಲಲ್ಲಿ ಆಲ್ಕೊಹಾಲಿನ ಬಿಸಿ ಇದೆಯೋ ಬರೆಯಿರಿ. 5%ನ ಬಿಯರಿನಲ್ಲಿ ಗಂಟಲು ಬಿಸಿಯಾದರೆ ಏನೋ ತಪ್ಪಿದೆ, ಹೆಚ್ಚಾಗಿ ಯೀಸ್ಟು ತೀರಾ ಸೆಕೆಯಲ್ಲಿ ಕೆಲಸ ಮಾಡಿರುತ್ತದೆ.

ಈಗ ಗ್ಲಾಸನ್ನು ಹದಿನೈದು ನಿಮಿಷ ಬಿಟ್ಟುಬಿಡಿ. ಟ್ಯಾಪಿನಿಂದ 3–5 ಡಿಗ್ರಿಯಲ್ಲಿ ಬಂದ ಬಿಯರು 10–12 ಡಿಗ್ರಿಗೆ ಏರಿದಾಗ ಬೇರೆಯೇ ಮುಖ ತೋರಿಸುತ್ತದೆ. ಲಾಗರಿಗೆ 5–7, ಗೋಧಿ ಬಿಯರಿಗೆ 6–8, ಐಪಿಎಗೆ 8–10, ಸ್ಟೌಟಿಗೆ 10–13 ಡಿಗ್ರಿ ಒಳ್ಳೆಯ ಹದ. ತಂಪಿನಲ್ಲಿ ಅಡಗಿದ್ದ ದೋಷ ಬಿಸಿಯಾದಂತೆ ಹೊರಬರುತ್ತದೆ, ಒಳ್ಳೆಯ ಬಿಯರು ಬಿಸಿಯಾದಂತೆ ಇನ್ನೂ ಮಾತಾಡುತ್ತದೆ. ಎರಡನೆಯ ಸಲ ಸವಿದು ಬರೆಯದ ವಿಮರ್ಶೆ ಅರ್ಧವೇ.

ದೋಷ ಯಾವುದು, ಎಲ್ಲಿಂದ ಬಂತು

ಸಣ್ಣ ಬ್ರೂವರಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವುದು ಬೆಣ್ಣೆ ಬಿಸ್ಕತ್ತಿನ, ಸಿನಿಮಾ ಹಾಲಿನ ಪಾಪ್‌ಕಾರ್ನಿನ ವಾಸನೆ, ನಾಲಿಗೆಯ ಮೇಲೆ ಎಣ್ಣೆ ಸವರಿದಂತೆ ಜಾರುವ ಭಾವ. ಇದು ಡೈಅಸಿಟೈಲ್. ಹುದುಗುವಾಗ ಎಲ್ಲ ಬಿಯರಿನಲ್ಲೂ ಹುಟ್ಟುತ್ತದೆ, ಕೊನೆಯಲ್ಲಿ ಯೀಸ್ಟೇ ಅದನ್ನು ಹೀರಿಕೊಳ್ಳುತ್ತದೆ. ಅದಕ್ಕೆ ಎರಡು ಮೂರು ದಿನ ತುಸು ಬೆಚ್ಚಗೆ, ಲಾಗರಿಗಾದರೆ 16–18 ಡಿಗ್ರಿಯಲ್ಲಿ ಬಿಡಬೇಕು. ಟ್ಯಾಂಕುಗಳು ಕಡಿಮೆ, ವಾರಾಂತ್ಯದ ಬೇಡಿಕೆ ಹೆಚ್ಚು ಎಂದಾದಾಗ ಈ ದಿನಗಳಿಗೇ ಮೊದಲು ಕತ್ತರಿ ಬೀಳುತ್ತದೆ. ಬೆಣ್ಣೆಯ ಜೊತೆ ಹುಳಿಯೂ ಇದ್ದರೆ ಕಾರಣ ಬೇರೆ: ಟ್ಯಾಪಿನ ಪೈಪಿನಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿದೆ. ಬಿಯರ್ ಪೈಪುಗಳನ್ನು ಎರಡು ವಾರಕ್ಕೊಮ್ಮೆ ತೊಳೆಯಬೇಕೆಂಬುದು ಈ ಉದ್ಯಮದ ರೂಢಿ.

ಹಸಿ ಸೇಬಿನ, ಹೊಸ ಪೇಂಟಿನ ವಾಸನೆ ಅಸಿಟಾಲ್ಡಿಹೈಡ್, ಬಿಯರ್ ಇನ್ನೂ ಎಳಸು ಎಂದರ್ಥ. ಬೇಯಿಸಿದ ಜೋಳದ, ಎಲೆಕೋಸು ಬೆಂದ ನೀರಿನ ವಾಸನೆ ಡಿಎಂಎಸ್ ಎಂಬ ಗಂಧಕದ ಸಂಯುಕ್ತದ್ದು. ಮಾಲ್ಟಿನ ರಸವನ್ನು ಕುದಿಸುವಾಗ ಇದು ಆವಿಯಾಗಿ ಹೋಗಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹೀಗಾಗಿ ಕುದಿ ಜೋರಾಗಿಯೂ ಸಾಕಷ್ಟು ಹೊತ್ತೂ ಇರಬೇಕಾಗುತ್ತದೆ. ಕರಾವಳಿಯ ಪಾಕವಿಧಾನವನ್ನು ಹಾಗೇ ತಂದಿಟ್ಟರೆ ತಿಳಿ ಲಾಗರಿನಲ್ಲಿ ಜೋಳದ ವಾಸನೆ ಉಳಿಯಬಹುದು.

ಡೆಟಾಲ್, ಗಾಯಕ್ಕೆ ಹಚ್ಚುವ ಪಟ್ಟಿ, ಹೊಸ ಪ್ಲಾಸ್ಟಿಕ್ ಇಂಥ ಆಸ್ಪತ್ರೆ ವಾಸನೆ ಬಂದರೆ ಕ್ಲೋರೊಫಿನಾಲ್. ನೀರಿನ ಕ್ಲೋರಿನ್ ಅಥವಾ ತೊಳೆಯುವ ಬ್ಲೀಚು ಮಾಲ್ಟು, ಯೀಸ್ಟುಗಳ ಫಿನಾಲ್‌ಗಳ ಜೊತೆ ಸೇರಿ ಆಗುವಂಥದ್ದು. ತೀರಾ ಕಡಿಮೆ ಪ್ರಮಾಣದಲ್ಲೂ ಮೂಗಿಗೆ ತಾಗುತ್ತದೆ, ಯಾವ ಶೈಲಿಯಲ್ಲೂ ಒಪ್ಪಲಾಗದು.

ಒದ್ದೆ ರಟ್ಟು, ಹಳೇ ನ್ಯೂಸ್‌ಪೇಪರ್ ಎಂದರೆ ಗಾಳಿ ತಾಗಿ ಹಳಸಿದೆ. ಟ್ಯಾಂಕಿನಿಂದ ನೇರ ಬರುವ ಬಿಯರಿನಲ್ಲಿ ಅಪರೂಪ, ಬೇಸಿಗೆಯಲ್ಲಿ ಲಾರಿಯಲ್ಲಿ ಊರೂರು ಸುತ್ತಿದ ಬಾಟಲಿಯಲ್ಲಿ ಸಾಮಾನ್ಯ. ಮಸುಕು ಐಪಿಎ ಬೂದು ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೂ ಇದೇ ಕಾರಣ. ಹಳೇ ಚೀಸಿನ, ಬೆವರಿದ ಕಾಲುಚೀಲದ ಕಮಟು ಬಂದರೆ ಹಾಪ್ಸೇ ಹಳತು. ನಮ್ಮಲ್ಲಿ ಬಳಸುವ ಹಾಪ್ಸ್ ಬಹುಪಾಲು ಹೊರದೇಶದಿಂದ ಬರುತ್ತದೆ, ದಾರಿಯಲ್ಲಿ ತಂಪು ತಪ್ಪಿದರೆ ಹೀಗಾಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ತೆಳುವಾಗಿ ಬಂದು ನಿಮಿಷದಲ್ಲಿ ಹೋದರೆ ಹೊಸ ಲಾಗರಿನಲ್ಲಿ ಅದನ್ನು ಕ್ಷಮಿಸಬಹುದು. ಉಳಿದುಬಿಟ್ಟರೆ ಕ್ಷಮಿಸಬೇಡಿ.

ಒಂದೇ ವಾಸನೆ ಒಂದು ಶೈಲಿಯಲ್ಲಿ ಗುಣ, ಇನ್ನೊಂದರಲ್ಲಿ ದೋಷ ಎಂಬುದನ್ನು ಮರೆಯಬಾರದು. ಲವಂಗ ಹೆಫೆವೈಝನ್‌ನಲ್ಲಿ ಇರಬೇಕು, ಲಾಗರಿನಲ್ಲಿ ಬಂದರೆ ಕಾಡು ಯೀಸ್ಟ್ ಸೇರಿದೆ. ಚೂರು ಬೆಣ್ಣೆ ಚೆಕ್ ಪಿಲ್ಸ್‌ನರ್ ಎಂಬ ತಿಳಿ ಲಾಗರಿನಲ್ಲಿ ಸಹಜ, ಜರ್ಮನ್ ಪಿಲ್ಸ್‌ನಲ್ಲಿ ತಪ್ಪು.

ಮನೆಯಲ್ಲಿ ನಾಲಿಗೆ ಪಳಗಿಸುವುದು

ದೋಷವನ್ನು ಓದಿ ಕಲಿಯಲಾಗದು. ಅಂಗಡಿಯಲ್ಲಿ ಸಿಗುವ ಸಾದಾ ಲಾಗರಿನ 330 ಮಿ.ಲೀ. ಬಾಟಲಿಗಳನ್ನು ತಂದು ಹೀಗೆ ಮಾಡಿ. ಪ್ರತಿ ಸಲ ಏನೂ ಬೆರೆಸದ ಒಂದು ಗ್ಲಾಸನ್ನು ಪಕ್ಕದಲ್ಲಿಟ್ಟು ಹೋಲಿಸಿ.

- ಬೆಣ್ಣೆ: ಬೇಕರಿಗೆ ಬಳಸುವ ಬಟರ್ ಎಸೆನ್ಸ್ ಒಂದು ಹನಿ.
- ಬೆಂದ ಜೋಳ: ಡಬ್ಬಿಯ ಸ್ವೀಟ್‌ಕಾರ್ನ್‌ನ ನೀರು ಎರಡು ಟೀ ಚಮಚ.
- ವಿನೆಗರ್ ಹುಳಿ: ಬಿಳಿ ವಿನೆಗರ್ ಅರ್ಧ ಟೀ ಚಮಚ.
- ಒಗರು: ಹದಿನೈದು ನಿಮಿಷ ನೆನೆಸಿದ ಕಡು ಚಹಾ ಎರಡು ದೊಡ್ಡ ಚಮಚ. ಪಕ್ಕದಲ್ಲಿ ಟಾನಿಕ್ ವಾಟರ್ ಇಡಿ, ಅದರಲ್ಲಿ ಸಿಹಿಯ ಜೊತೆ ಕಹಿ ಇದೆ, ಒಗರಿಲ್ಲ. ಈ ಎರಡರ ವ್ಯತ್ಯಾಸವನ್ನು ನಾಲಿಗೆಗೆ ಕೂರಿಸಿಕೊಳ್ಳುವುದು ಇಡೀ ಪಾಠದಲ್ಲಿ ದೊಡ್ಡದು.
- ಬಿಸಿಲು ಬಡಿದದ್ದು: ಪಾರದರ್ಶಕ ಗ್ಲಾಸಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿ ಅರ್ಧ ಗಂಟೆ ಬಿಸಿಲಲ್ಲಿಡಿ. ಹಾಪ್ಸ್‌ನ ಕಹಿ ಅಂಶ ಬೆಳಕಿಗೆ ಒಡೆದು ಗಬ್ಬು ವಾಸನೆ ಬರುತ್ತದೆ. ಬಿಯರ್ ಬಾಟಲಿ ಕಂದು ಬಣ್ಣದಲ್ಲಿರುವುದು ಇದಕ್ಕೇ.
- ಹಳಸಿದ್ದು: ಒಂದು ಬಾಟಲಿಯನ್ನು ಫ್ರಿಜ್ಜಿನ ತಲೆಯ ಮೇಲೆ ಬೇಸಿಗೆಯ ಎರಡು ತಿಂಗಳು ಬಿಟ್ಟು, ಹೊಸದರ ಜೊತೆ ಕುಡಿದು ನೋಡಿ.

ಡೆಟಾಲ್ ವಾಸನೆಗೆ ಬಾಟಲಿ ಮುಚ್ಚಳ ತೆರೆದು ದೂರದಿಂದ ಮೂಸಿದರೆ ಸಾಕು, ಏನನ್ನೂ ಬೆರೆಸಬೇಡಿ.

ಆಮೇಲೆ ಮೂರು ಗ್ಲಾಸಿನ ಪರೀಕ್ಷೆ. ಇನ್ನೊಬ್ಬರು ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ ಹಾಕಿ ಕೊಡಲಿ. ಬೇರೆಯದು ಯಾವುದೆಂದು ಹೇಳಿ. ಕಣ್ಣು ಮುಚ್ಚಿ ಊಹಿಸಿದರೂ ಮೂರಕ್ಕೊಂದು ಸಲ ಸರಿಹೋಗುತ್ತದೆ, ಹಾಗಾಗಿ ಆರು ಸಲಕ್ಕೆ ಐದಾದರೂ ಸರಿಯಾದರೆ ಮಾತ್ರ ನಂಬಿ. ಎಲ್ಲರಿಗೂ ಎಲ್ಲ ವಾಸನೆಯೂ ತಿಳಿಯುವುದಿಲ್ಲ. ಬೆಣ್ಣೆಯ ವಾಸನೆ ಹತ್ತದ ಮೂಗುಗಳು ಬೇಕಾದಷ್ಟಿವೆ. ನಿಮ್ಮ ಮೂಗಿನ ಕುರುಡು ಎಲ್ಲಿದೆ ಎಂದು ತಿಳಿದಿದ್ದರೆ ಅಲ್ಲಿ ಜೊತೆಯವರನ್ನು ಕೇಳಬಹುದು.

ಇಲ್ಲಿ ಹೆಚ್ಚು ಸಿಗುವ ಬಿಯರುಗಳಲ್ಲಿ ಏನು ಹುಡುಕಬೇಕು

ಬೆಂಗಳೂರಿನಲ್ಲಿ ಬ್ರೂಪಬ್‌ಗಳು ಶುರುವಾದ 2010ರ ಆಚೀಚಿನಿಂದಲೂ ಗೋಧಿ ಬಿಯರಿಗೆ ಬೇಡಿಕೆ ಹೆಚ್ಚು. ಕಹಿ ಕಡಿಮೆ, ಎರಡು ಮೂರು ವಾರದಲ್ಲಿ ತಯಾರು, ಲಾಗರಿನಂತೆ ಆರು ವಾರ ಟ್ಯಾಂಕು ಹಿಡಿಯುವುದಿಲ್ಲ. ಹೆಫೆವೈಝನ್‌ನ ಬಾಳೆ, ಲವಂಗ ಎರಡೂ ಯೀಸ್ಟಿನದೇ ಕೆಲಸ, ಹಣ್ಣನ್ನೂ ಮಸಾಲೆಯನ್ನೂ ಯಾರೂ ಹಾಕಿರುವುದಿಲ್ಲ. ಹುದುಗುವ ಸೆಕೆ ಏರಿದರೆ ಬಾಳೆ ಹೆಚ್ಚು. ಮಾಲ್ಟನ್ನು 43–45 ಡಿಗ್ರಿಯ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಲವಂಗಕ್ಕೆ ಬೇಕಾದ ಫೆರುಲಿಕ್ ಆಮ್ಲ ಬಿಡುಗಡೆಯಾಗುತ್ತದೆ. ಎರಡೂ ತೂಗಿಕೊಂಡಿವೆಯೇ ನೋಡಿ. ಬರೀ ‘ಬಾಳೆಹಣ್ಣು’ ಎನ್ನಬೇಡಿ. ಏಲಕ್ಕಿ ಬಾಳೆಯ ಹುಳಿಸಿಹಿಯೋ, ಪಚ್ಚಬಾಳೆಯ ಮೆತ್ತನೆಯ ಸಿಹಿಯೋ, ಬಾಳೆಹಣ್ಣಿನ ಮಿಠಾಯಿಯ ಎಸೆನ್ಸೋ ಹೇಳಿ. ಈ ಮೂರರ ವ್ಯತ್ಯಾಸ ಹೇಳಬಲ್ಲವರು ನಮಗಿಂತ ಬೇರೆ ಯಾರಿದ್ದಾರೆ?

ಬೆಲ್ಜಿಯನ್ ವಿಟ್‌ಗೆ ಮಾತ್ರ ನಿಜವಾಗಿಯೇ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. ತಾಜಾ ಬೀಜವಾದರೆ ನಿಂಬೆಯ ಘಮ, ಹಳೆಯದಾದರೆ ಬೆಂದ ತರಕಾರಿಯ ವಾಸನೆ. ಸಾರಿನಪುಡಿ ನೆನಪಾಗುವಷ್ಟು ಬಂದರೆ ಹೆಚ್ಚಾಯಿತು.

ಅಕ್ಕಿ ಸೇರಿಸಿದರೆ ಬಿಯರ್ ತೆಳುವಾಗಿ, ಒಣದಾಗಿ ಮುಗಿಯುತ್ತದೆ. ಇಂದಿರಾನಗರದ ಟಾಯ್ಟ್ ಬ್ರೂಪಬ್‌ನ ಬಾಸ್ಮತಿ ಬ್ಲಾಂಡ್ ಈ ಬಗೆಯದು, ಹಾಗಾಗಿ ಅಂಥ ಬಿಯರಿನಲ್ಲಿ ‘ಮೈ ಸಾಲದು’ ಎಂದು ಅಂಕ ಕಳೆಯಬಾರದು. ರಾಗಿ ಬಿಯರ್ ಎಂದು ಬರೆದಿದ್ದರೆ ಮೊದಲು ಎರಡು ಪ್ರಶ್ನೆ ಕೇಳಿ: ಒಟ್ಟು ಧಾನ್ಯದಲ್ಲಿ ರಾಗಿ ಎಷ್ಟು ಪಾಲು, ಮೊಳಕೆ ಕಟ್ಟಿದ್ದೋ ಹಾಗೇ ಹಾಕಿದ್ದೋ. ಹುರಿದ ರಾಗಿಯ ಘಮ, ಮುದ್ದೆ ತಿರುವುವಾಗಿನ ಆ ಮಣ್ಣಿನ ಸೊಗಡು ಸಿಗಬೇಕು. ನೂರಕ್ಕೆ ಐದು ಪಾಲು ಹಾಕಿದ್ದರೆ ಹೆಸರಲ್ಲಿ ಮಾತ್ರ ರಾಗಿ ಇರುತ್ತದೆ, ಅದನ್ನು ಓದುಗರಿಗೆ ಹೇಳಬೇಕು.

ಏಪ್ರಿಲ್‌ನಿಂದ ಜೂನ್‌ವರೆಗೆ ಮಾವಿನ ಬಿಯರ್ ಬರುತ್ತದೆ. ಯೀಸ್ಟು ಹಣ್ಣಿನ ಸಕ್ಕರೆಯನ್ನು ತಿಂದುಬಿಡುವುದರಿಂದ ನಿಜವಾದ ಹಣ್ಣು ಹುದುಗಿದ್ದರೆ ಸಿಹಿ ಕಡಿಮೆಯಿದ್ದು ಸೊನೆ, ಓಟೆಯ ವಾಸನೆ ಉಳಿಯುತ್ತದೆ. ಪೊಟ್ಟಣದ ಜ್ಯೂಸಿನಂತೆ ಸಿಹಿಸಿಹಿಯಾಗಿದ್ದರೆ ಕೊನೆಯಲ್ಲಿ ಸಿರಪ್ ಸೇರಿಸಿರುವ ಸಾಧ್ಯತೆ ಹೆಚ್ಚು. ಕೊಡಗು, ಚಿಕ್ಕಮಗಳೂರಿನ ಕಾಫಿ ಹಾಕಿದ ಸ್ಟೌಟಿನಲ್ಲಿ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ ಬರುತ್ತಿದ್ದರೆ ಕಾಫಿ ಸೇರಿಸಿ ಬಹಳ ದಿನವಾಗಿದೆ. ಐಪಿಎಯಲ್ಲಿ ತಾಜಾತನವೇ ಎಲ್ಲ. ಟ್ಯಾಪಿಗೆ ಬಂದು ಎಷ್ಟು ದಿನವಾಯಿತೆಂದು ಕೇಳಿ, ಒಂದೂವರೆ ತಿಂಗಳು ದಾಟಿದ್ದರೆ ಚಕ್ಕೋತದ ಘಮ ಇಳಿದಿರುತ್ತದೆ.

ಬ್ರೂವರ್ ಸಿಕ್ಕರೆ ಹುದುಗುವ ಮೊದಲಿನ ಸಾಂದ್ರತೆ, ಮುಗಿದಾಗಿನ ಸಾಂದ್ರತೆ (ನೀರಿನದು 1.000 ಎಂದು ಹಿಡಿದು) ಕೇಳಿಕೊಳ್ಳಿ. ಎರಡರ ವ್ಯತ್ಯಾಸವನ್ನು 131.25ರಿಂದ ಗುಣಿಸಿದರೆ ಆಲ್ಕೊಹಾಲಿನ ಶೇಕಡಾ ಪ್ರಮಾಣ: 1.050ರಿಂದ 1.010ಕ್ಕೆ ಇಳಿದಿದ್ದರೆ 5.25%. ಕೊನೆಯ ಅಂಕಿ 1.018ರಲ್ಲೇ ನಿಂತಿದ್ದರೆ ನಿಮಗೆ ಸಿಕ್ಕ ಆ ಸಿಹಿ ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಅಂಕ, ಬರಹ

ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಜೆಸಿಪಿ ಎಂಬ ತೀರ್ಪುಗಾರರ ಸಂಸ್ಥೆಯ 50 ಅಂಕದ ಪಟ್ಟಿ ಹಲವು ಕಡೆ ನಡೆಯುತ್ತದೆ: ಪರಿಮಳ 12, ನೋಟ 3, ರುಚಿ 20, ಬಾಯಿಯ ಸ್ಪರ್ಶ 5, ಒಟ್ಟು ಅನುಭವ 10. ನೋಟಕ್ಕೆ ಬರೀ ಮೂರು ಎಂಬುದನ್ನು ಗಮನಿಸಿ, ಫೋಟೊ ಚೆನ್ನಾಗಿ ಬಂದ ಬಿಯರ್ ಒಳ್ಳೆಯ ಬಿಯರಾಗಬೇಕಿಲ್ಲ. 38 ಅಥವಾ ಹೆಚ್ಚು ಬಂದರೆ ಅತ್ಯುತ್ತಮ, 30–37 ಬಹಳ ಚೆನ್ನ, 21–29 ಚೆನ್ನ ಆದರೆ ಕುಂದುಗಳಿವೆ, ಅದಕ್ಕಿಂತ ಕೆಳಗೆ ಸ್ಪಷ್ಟ ದೋಷ. ಒಂದೊಂದು ಭಾಗಕ್ಕೂ ಪದ ಮೊದಲು, ಅಂಕ ಆಮೇಲೆ. ಅಂಕ ಮೊದಲು ಹಾಕಿದರೆ ಪದಗಳು ಅದಕ್ಕೆ ತಕ್ಕಂತೆ ಬಗ್ಗುತ್ತವೆ.

ಬರಹದ ತಲೆಯಲ್ಲಿ ದಿನಾಂಕ, ಹೊತ್ತು, ಬಿಯರಿನ ಹೆಸರು, ಮೆನು ಹೇಳುವ ಶೈಲಿ, ಆಲ್ಕೊಹಾಲ್, ಕುಡಿದ ಅಳತೆ, ಬೆಲೆ, ಟ್ಯಾಪಿಗೆ ಬಂದ ದಿನ ಇರಲಿ. ಬಿಟ್ಟಿ ಕುಡಿದಿದ್ದರೆ ಅದನ್ನೂ ಮೊದಲ ಸಾಲಲ್ಲೇ ಹೇಳಿ. ಬಳಿಕ ಹೀಗೆ:

‘ಹೆಫೆವೈಝನ್, 5%, 100 ಮಿ.ಲೀ., ಟ್ಯಾಪಿಗೆ ಬಂದು ಆರು ದಿನ. ಎರಡು ಬೆರಳು ಬಿಳಿ ನೊರೆ, ಮೂರು ನಿಮಿಷ ನಿಂತಿತು. ಹಳದಿ, ಸಮನಾದ ಮಸುಕು. ಮೂಗಿಗೆ ಮೊದಲು ಪಚ್ಚಬಾಳೆ, ಕೈ ಮುಚ್ಚಿ ಮೂಸಿದಾಗ ಒಂದು ಎಸಳು ಲವಂಗ, ಹಿಂದೆ ಹಸಿ ಗೋಧಿಹಿಟ್ಟು. ನಾಲಿಗೆಗೆ ಬ್ರೆಡ್ಡಿನ ಸಿಹಿ, ನಡುವೆ ನಿಂಬೆಯ ಚಿಕ್ಕ ಹುಳಿ, ಕಹಿ ಹತ್ತು ಸೆಕೆಂಡಿನಲ್ಲಿ ಇಳಿಯಿತು. ಕೊನೆಯಲ್ಲಿ ಸ್ವಲ್ಪ ಒಗರು, 12 ಡಿಗ್ರಿಗೆ ಬಂದಾಗ ಇನ್ನೂ ಎದ್ದು ಕಂಡಿತು. ಗ್ಯಾಸು ಈ ಶೈಲಿಗೆ ಕಡಿಮೆ. ಲವಂಗ ಇನ್ನೊಂದು ಪಾಲು ಇದ್ದು ಒಗರು ಇಲ್ಲದಿದ್ದರೆ ದೊಡ್ಡ ಗ್ಲಾಸೇ ತರಿಸಿಕೊಳ್ಳಬಹುದಾದ ಬಿಯರ್. 33/50.’

ಇದರಲ್ಲಿ ‘ಇಷ್ಟ’ ಎಂಬ ಪದವೇ ಇಲ್ಲ, ಆದರೂ ಅಭಿಪ್ರಾಯ ತಿಳಿಯುತ್ತದೆ. ಐಪಿಎ ನಿಮಗೆ ಸೇರದಿದ್ದರೆ ಐಪಿಎಗೆ ಅಂಕ ಕೊಡಬೇಡಿ, ಬರೀ ವಿವರಿಸಿ.

ಗಟ್ಟಿ ದೋಷ ಕಂಡರೆ ಬರೆಯುವ ಮೊದಲು ಬಡಿಸುವವರಿಗೆ ಹೇಳಿ, ಬೇರೆ ಗ್ಲಾಸಿನಲ್ಲಿ ಇನ್ನೊಮ್ಮೆ ತರಿಸಿ. ಗ್ಲಾಸಿನ ತಪ್ಪಾಗಿದ್ದರೆ ಅಲ್ಲಿಗೆ ಮುಗಿಯಿತು. ಹಿಂದಿನ ರಾತ್ರಿಯಿಂದ ಪೈಪಿನಲ್ಲೇ ನಿಂತಿದ್ದ ಬಿಯರಾಗಿದ್ದರೆ ಎರಡನೆಯ ಗ್ಲಾಸಿನಲ್ಲಿ ಹೋಗಿರುತ್ತದೆ. ಆಗಲೂ ಉಳಿದರೆ ಅದು ಬಿಯರಿನದೇ. ಸಣ್ಣ ಬ್ರೂವರಿಯಲ್ಲಿ ಬ್ಯಾಚಿನಿಂದ ಬ್ಯಾಚಿಗೆ ವ್ಯತ್ಯಾಸ ಇದ್ದೇ ಇರುತ್ತದೆ, ಒಂದೇ ಭೇಟಿಯಲ್ಲಿ ಕಂಡದ್ದನ್ನು ‘ಈ ಬ್ಯಾಚಿನಲ್ಲಿ’ ಎಂದೇ ಬರೆಯಿರಿ. ಮೂರು ನಾಲ್ಕು ವಾರ ಬಿಟ್ಟು, ಟ್ಯಾಂಕು ಬದಲಾಗಿದೆಯೆಂದು ಕೇಳಿ ಖಚಿತ ಮಾಡಿಕೊಂಡು ಮತ್ತೆ ಹೋಗಿ. ಬಿಯರು ಬದಲಾಗಿದ್ದರೆ ಹಳೆಯ ಟಿಪ್ಪಣಿಯನ್ನು ಅಳಿಸದೆ, ಅದರ ಕೆಳಗೆ ಹೊಸ ದಿನಾಂಕ ಹಾಕಿ ಎರಡನೆಯ ಟಿಪ್ಪಣಿ ಸೇರಿಸಿ.